ಸಣ್ಣ ಇಂಟರ್‌ನೆಟ್ ರೇಡಿಯೋಗೆ ಹಾಡಿನ ಲೈಸೆನ್ಸ್: ಯಾವ ದಾರಿ ಹಿಡಿದರೆ ಎಷ್ಟು ಖರ್ಚು

ಇಂಟರ್‌ನೆಟ್ ರೇಡಿಯೋ ಕಟ್ಟುವುದು ಈಗ ಒಂದು ಸಂಜೆಯ ಕೆಲಸ. ಬಾಡಿಗೆಗೆ ಒಂದು ಸಣ್ಣ ಸರ್ವರ್, ಅದರ ಮೇಲೆ ಅಜುರಾಕಾಸ್ಟ್‌ನಂಥ ಉಚಿತ ತಂತ್ರಾಂಶ, ಒಂದು ಮೈಕು ಇದ್ದರೆ ಸಾಕು. ಬರೀ ಮಾತಾಡುವುದಾದರೆ ಖರ್ಚು ಅಲ್ಲಿಗೇ ಮುಗಿಯಿತು. ಹಾಡು ಹಾಕಿದಿರೋ, ಸರ್ವರ್ ಬಾಡಿಗೆ ಎಲ್ಲಕ್ಕಿಂತ ಚಿಕ್ಕ ಬಾಬ್ತಾಗುತ್ತದೆ.

ಇಲ್ಲಿ ಹೋಲಿಸಿರುವುದು ನಾಲ್ಕು ದಾರಿಗಳನ್ನು: ಅಮೆರಿಕದ ಶಾಸನಬದ್ಧ ಲೈಸೆನ್ಸನ್ನು ಸ್ವಂತವಾಗಿ ಪಡೆಯುವುದು, ಲೈಸೆನ್ಸನ್ನೂ ಸೇರಿಸಿ ಕೊಡುವ ಹೋಸ್ಟ್ (ಸರ್ವರ್ ಸೇವೆಯ ಕಂಪನಿ) ಹಿಡಿಯುವುದು, ಭಾರತದಲ್ಲಿ ಲೇಬಲ್‌ಗಳ, ಅಂದರೆ ಆಡಿಯೋ ಕಂಪನಿಗಳ ಜೊತೆ ನೇರ ಕರಾರು, ಮತ್ತು ಲೇಬಲ್ ಗೊಡವೆಯೇ ಇಲ್ಲದ ಸಂಗೀತ. ಬೆಂಗಳೂರಿನಿಂದಲೋ ನ್ಯೂಜೆರ್ಸಿಯಿಂದಲೋ ಕನ್ನಡ ಹಾಡು ಹಾಕುವ, ಒಂದು ಹೊತ್ತಿಗೆ ಹತ್ತರಿಂದ ಇನ್ನೂರು ಕೇಳುಗರಿರುವ ಸ್ಟೇಷನ್ ಮನಸ್ಸಿನಲ್ಲಿದೆ.

ಒಂದು ಹಾಡು, ಎರಡು ಬಾಗಿಲು

ಲೈಸೆನ್ಸ್ ವಿಷಯದಲ್ಲಿ ಹೆಚ್ಚಿನವರು ಎಡವುವುದು ಹೊಸ್ತಿಲಲ್ಲೇ. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯ ಮತ್ತು ರಾಗಸಂಯೋಜನೆ ಒಂದು. ಸ್ಟುಡಿಯೋದಲ್ಲಿ ಹಾಡಿಸಿ ಹಿಡಿದಿಟ್ಟ ಧ್ವನಿಮುದ್ರಣ ಇನ್ನೊಂದು. ಮೊದಲನೆಯದರ ಹಣ ಕವಿ, ಸಂಗೀತ ನಿರ್ದೇಶಕ, ಪ್ರಕಾಶಕರಿಗೆ ಹೋಗುತ್ತದೆ. ಎರಡನೆಯದರದ್ದು ಲೇಬಲ್‌ಗೆ, ಅಮೆರಿಕದಲ್ಲಾದರೆ ಗಾಯಕರಿಗೂ ನೇರವಾಗಿ. ಒಬ್ಬರಿಗೆ ಕೊಟ್ಟ ದುಡ್ಡು ಇನ್ನೊಬ್ಬರ ಬಾಕಿ ತೀರಿಸುವುದಿಲ್ಲ.

ಬೇಂದ್ರೆಯವರ ಕವಿತೆಯ ಒಂದು ಭಾವಗೀತೆ ತೆಗೆದುಕೊಳ್ಳಿ. ಕವಿ ತೀರಿಕೊಂಡದ್ದು 1981ರಲ್ಲಿ. ಭಾರತದಲ್ಲಿ ಸಾಹಿತ್ಯದ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ ಇರುವುದರಿಂದ ಪದಗಳು 2041ರ ಕೊನೆಯವರೆಗೆ ವಾರಸುದಾರರ ಸ್ವತ್ತು. ರಾಗ ಹಾಕಿದವರದ್ದು ಬೇರೆ ಲೆಕ್ಕ. ಕ್ಯಾಸೆಟ್ ತಂದ ಕಂಪನಿಯದ್ದು ಮತ್ತೊಂದು: ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಅದೇ ಪುರಂದರದಾಸರ ಪದವಾದರೆ ಸಾಹಿತ್ಯ ಯಾರ ಸ್ವತ್ತೂ ಅಲ್ಲ, ಆದರೆ ಹೋದ ವರ್ಷ ಯಾರೋ ಹಾಡಿ ಬಿಡುಗಡೆ ಮಾಡಿದ ಧ್ವನಿಮುದ್ರಣ ಖಂಡಿತ ಅವರದೇ. ‘ದಾಸರ ಪದ ತಾನೇ, ಯಾರು ಕೇಳುತ್ತಾರೆ’ ಎಂದು ಹಾಕಿದ ಟ್ರ್ಯಾಕ್‌ಗೂ ನೋಟಿಸ್ ಬರಬಹುದು.

ಇನ್ನು ‘30 ಸೆಕೆಂಡಿನೊಳಗೆ ಹಾಕಿದರೆ ಕಾಪಿರೈಟ್ ಇಲ್ಲ’ ಎಂಬ ನಂಬಿಕೆ. ಭಾರತದ ಕಾಯ್ದೆಯಲ್ಲಿ ಅಂಥ ಯಾವ ಅಳತೆಯೂ ಇಲ್ಲ. ಸ್ಪಾಟಿಫೈ, ಜಿಯೋಸಾವನ್ ಚಂದಾ ಕಟ್ಟಿದ್ದೇವೆ ಎಂಬುದೂ ಉತ್ತರವಲ್ಲ. ಆ ಚಂದಾ ನಿಮ್ಮ ಕಿವಿಗೆ ಮಾತ್ರ.

ದರಪಟ್ಟಿಗಿಂತ ಮೊದಲು ಕೇಳುಗರ ಊರು ನೋಡಿ

ನೀವು ಎಲ್ಲಿ ಕೂತಿದ್ದೀರಿ, ಸರ್ವರ್ ಎಲ್ಲಿದೆ ಎಂಬುದಕ್ಕಿಂತ ಕೇಳುಗ ಎಲ್ಲಿದ್ದಾನೆ ಎಂಬುದು ಮುಖ್ಯ. ಲೈಸೆನ್ಸ್ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಲೈಸೆನ್ಸ್ ಅಮೆರಿಕದ ಕೇಳುಗರಿಗಷ್ಟೇ ಸಲ್ಲುತ್ತದೆ. ಜಗತ್ತಿಗೆಲ್ಲ ಒಂದೇ ಚೀಟಿ ಕೊಡುವ ಸಂಸ್ಥೆ ಇಲ್ಲ. ಹಾಗೆಂದು ಜಾಹೀರಾತು ಮಾಡುವ ಅಗ್ಗದ ಹೋಸ್ಟ್ ಸಿಕ್ಕರೆ ಕರಾರಿನಲ್ಲಿ ಯಾವ ಯಾವ ಸಂಸ್ಥೆಗೆ ಹಣ ಹೋಗುತ್ತದೆ ಎಂಬ ಪಟ್ಟಿ ಕೇಳಿ. ಪಟ್ಟಿ ಕೊಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಆದ್ದರಿಂದ ಮೊದಲ ಕೆಲಸ ಕಡೇಪಕ್ಷ ಒಂದು ತಿಂಗಳ ಸರ್ವರ್ ಲಾಗ್ (ಸಂಪರ್ಕಗಳ ದಾಖಲೆ) ತೆಗೆದು ದೇಶವಾರು ಕೇಳುಗ-ಗಂಟೆ ಲೆಕ್ಕ ಹಾಕುವುದು. ಕೇಳುಗರ ತಲೆ ಎಣಿಕೆ ಬೇಡ, ಗಂಟೆ ಬೇಕು. ಒಬ್ಬ ಕೇಳುಗ ಎರಡು ಗಂಟೆ ಕೇಳಿದರೂ ಇಬ್ಬರು ಒಂದೊಂದು ಗಂಟೆ ಕೇಳಿದರೂ ಎರಡು ಕೇಳುಗ-ಗಂಟೆ. ಲೆಕ್ಕಕ್ಕೆ ಮೊದಲು ಲಾಗನ್ನು ತೊಳೆಯಬೇಕು. ರೇಡಿಯೋ ಡೈರೆಕ್ಟರಿ ತಾಣಗಳ ಬಾಟ್‌ಗಳು, ಸ್ಟ್ರೀಮ್ ನಿಂತಿದೆಯೇ ಎಂದು ನೋಡುವ ನಿಮ್ಮದೇ ಮಾನಿಟರ್, ರಿಲೇ ಸರ್ವರ್‌ನ ಸಂಪರ್ಕ, ಇವೆಲ್ಲ ಕೇಳುಗರಂತೆಯೇ ಕಾಣುತ್ತವೆ. ದಿನವಿಡೀ ತೆರೆದೇ ಇರುವ ಒಂದು ಮಾನಿಟರ್ ಸಂಪರ್ಕ ತಿಂಗಳಿಗೆ 720 ಸುಳ್ಳು ಗಂಟೆ ಸೇರಿಸುತ್ತದೆ. ಸಣ್ಣ ಸ್ಟೇಷನ್ನಿಗೆ ಇದು ಸಣ್ಣ ತಪ್ಪಲ್ಲ. ಮುಂದಿನ ಲೆಕ್ಕ ನೋಡಿದರೆ ಏಕೆಂದು ತಿಳಿಯುತ್ತದೆ.

ಅಮೆರಿಕ: ಸ್ವಂತ ಲೈಸೆನ್ಸ್

ಅಮೆರಿಕದಲ್ಲಿ ಸಣ್ಣ ಸ್ಟೇಷನ್ನಿಗೆ ಇರುವ ದೊಡ್ಡ ಅನುಕೂಲವೆಂದರೆ ಧ್ವನಿಮುದ್ರಣಕ್ಕೆ ಲೇಬಲ್‌ಗಳ ಬಾಗಿಲು ತಟ್ಟಬೇಕಿಲ್ಲ. ಕಾಪಿರೈಟ್ ಕಾಯ್ದೆಯ 112 ಮತ್ತು 114ನೇ ವಿಧಿಗಳ ಪ್ರಕಾರ ನಿಯಮ ಪಾಲಿಸಿ ನಿಗದಿತ ದರ ಕಟ್ಟಿದರೆ ಕಾನೂನುಬದ್ಧವಾಗಿ ಬಿಡುಗಡೆಯಾದ ಯಾವ ಧ್ವನಿಮುದ್ರಣವನ್ನಾದರೂ ಪ್ರಸಾರ ಮಾಡಬಹುದು. ಕನ್ನಡ ಹಾಡೂ ಅದರಲ್ಲಿ ಬಂತು; ಲೇಬಲ್ ಒಪ್ಪಬೇಕೆಂದಿಲ್ಲ. ದರ ನಿಗದಿ ಮಾಡುವುದು ಕಾಪಿರೈಟ್ ರಾಯಲ್ಟಿ ಬೋರ್ಡ್, ವಸೂಲಿ ಮಾಡಿ ಹಂಚುವುದು ಸೌಂಡ್‌ಎಕ್ಸ್‌ಚೇಂಜ್. ಬಂದದ್ದರಲ್ಲಿ ಅರ್ಧ ಹಕ್ಕುದಾರರಿಗೆ, 45% ಮುಖ್ಯ ಕಲಾವಿದರಿಗೆ, 5% ಪಕ್ಕವಾದ್ಯ ಮತ್ತು ಹಿನ್ನೆಲೆ ದನಿಗಳ ನಿಧಿಗೆ.

2021ರಿಂದ 2025ರ ಅವಧಿಗೆ ಕನಿಷ್ಠ ಶುಲ್ಕ ಪ್ರತಿ ಚಾನೆಲ್‌ಗೆ ವರ್ಷಕ್ಕೆ 1,000 ಡಾಲರ್ ಇತ್ತು. ಚಂದಾ ಇಲ್ಲದ ವಾಣಿಜ್ಯ ಸ್ಟೇಷನ್ನಿಗೆ 2025ರ ದರ ಒಂದು ಎಣಿಕೆಗೆ 0.0025 ಡಾಲರ್. ಒಂದು ಹಾಡು ಒಬ್ಬ ಕೇಳುಗನಿಗೆ ಒಮ್ಮೆ ತಲುಪಿದರೆ ಒಂದು ಎಣಿಕೆ. ಹಾಡು ಪೂರ್ತಿ ಕೇಳಬೇಕೆಂದಿಲ್ಲ. ಕೊನೆಯ ಹತ್ತು ಸೆಕೆಂಡಿಗೆ ಬಂದು ಸೇರಿದವನೂ ಒಂದು. 2026ರಿಂದ ಐದು ವರ್ಷಗಳ ಹೊಸ ಅವಧಿ. ಅಂಕಿ ಬದಲಾದರೂ ಲೆಕ್ಕದ ದಾರಿ ಅದೇ. ಕೆಳಗಿನ ಲೆಕ್ಕವೆಲ್ಲ 2025ರ ದರದ್ದು, ಅದೇ ಗುಣಾಕಾರದಲ್ಲಿ ಹೊಸ ದರ ಹಾಕಿ ನೋಡಿ.

ಕನ್ನಡ ಚಿತ್ರಗೀತೆ ಸರಾಸರಿ ನಾಲ್ಕೂವರೆ ನಿಮಿಷ. ಮಾತು, ಜಿಂಗಲ್ ಸೇರಿಸಿ ಗಂಟೆಗೆ 12 ಹಾಡು ಎಂದಿಟ್ಟುಕೊಳ್ಳೋಣ. 1,000 ಡಾಲರಿಗೆ 4,00,000 ಎಣಿಕೆ. 12ರಿಂದ ಭಾಗಿಸಿದರೆ ಸುಮಾರು 33,333 ಕೇಳುಗ-ಗಂಟೆ. ವರ್ಷದ 8,760 ಗಂಟೆಯಿಂದ ಭಾಗಿಸಿದರೆ 3.8. ಅಂದರೆ ಹಗಲು ರಾತ್ರಿ ಸರಾಸರಿ ನಾಲ್ಕು ಮಂದಿಯೂ ಇಲ್ಲದಷ್ಟು ಹೊತ್ತಿಗೆ ಕನಿಷ್ಠ ಶುಲ್ಕ ಕರಗಿಹೋಗುತ್ತದೆ. ಮೇಲೆ ಹೇಳಿದ ಸುಳ್ಳು ಮಾನಿಟರ್ ಸಂಪರ್ಕ ಒಂದೇ ಇದರ ಕಾಲುಭಾಗಕ್ಕಿಂತ ಹೆಚ್ಚು ತಿನ್ನುತ್ತದೆ.

ಸರಾಸರಿ 3 ಕೇಳುಗರಾದರೆ ಎಣಿಕೆಯ ಲೆಕ್ಕದಲ್ಲಿ 788 ಡಾಲರ್ ಬರುತ್ತದೆ, ಆದರೂ 1,000 ಕಟ್ಟಬೇಕು. ಸರಾಸರಿ 20 ಆದರೆ 1,75,200 ಗಂಟೆ, 21,02,400 ಎಣಿಕೆ, 5,256 ಡಾಲರ್. ಅದೇ 20 ಕೇಳುಗರು, ಆದರೆ ಅರ್ಧ ಹೊತ್ತು ಸಂದರ್ಶನ, ಹರಟೆ, ಅಡುಗೆ ಮಾತು ಇಟ್ಟು ಗಂಟೆಗೆ ಆರೇ ಹಾಡು ಹಾಕಿದರೆ 2,628. ಮಾತಿಗೆ ರಾಯಧನವಿಲ್ಲ. ಖರ್ಚು ತಗ್ಗಿಸಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ಹಾಡಿನ ಮಧ್ಯೆ ಮಾತಾಡುವ ಆರ್‌ಜೆ ಇಲ್ಲದ ಸ್ಟೇಷನ್ ಹೆಚ್ಚು ದುಬಾರಿ ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ.

ವಾಣಿಜ್ಯೇತರ ಸ್ಟೇಷನ್ನಿಗೆ ಚಿತ್ರವೇ ಬೇರೆ. 2025ರಲ್ಲಿ ಅದೇ 1,000 ಡಾಲರಿಗೆ ತಿಂಗಳಿಗೆ 1,59,140 ಕೇಳುಗ-ಗಂಟೆಯವರೆಗೆ ಹೆಚ್ಚುವರಿ ಏನೂ ಇರಲಿಲ್ಲ. ಸರಾಸರಿ 218 ಮಂದಿ ಒಂದೇ ಸಮನೆ ಕೇಳುತ್ತಿದ್ದರೆ ಮಾತ್ರ ಆ ಮಿತಿ ಮುಟ್ಟುತ್ತದೆ. ಕನ್ನಡ ರೇಡಿಯೋ ಮಟ್ಟಿಗೆ ಮಿತಿಯೇ ಇಲ್ಲವೆಂದರೂ ನಡೆದೀತು. ಆದರೆ ‘ನಾವು ಲಾಭಕ್ಕೆ ಮಾಡುತ್ತಿಲ್ಲ, ಜಾಹೀರಾತೂ ಇಲ್ಲ’ ಎಂದರೆ ವಾಣಿಜ್ಯೇತರ ಆಗುವುದಿಲ್ಲ. ತೆರಿಗೆ ಕಾನೂನಿನ 501ನೇ ವಿಧಿಯ ವಿನಾಯಿತಿ ಇರಬೇಕು, ಅಥವಾ ಸಿಗುವ ನ್ಯಾಯವಾದ ನಿರೀಕ್ಷೆಯಿಂದ ಪ್ರಾಮಾಣಿಕವಾಗಿ ಅರ್ಜಿ ಹಾಕಿರಬೇಕು. ಅಮೆರಿಕದ ಎಷ್ಟೋ ಕನ್ನಡ ಕೂಟಗಳಿಗೆ ಈ ವಿನಾಯಿತಿ ಈಗಾಗಲೇ ಇದೆ. ಅಲ್ಲಿ ಯಾರಾದರೂ ಸ್ವಂತ ಹೆಸರಲ್ಲಿ ಸ್ಟೇಷನ್ ಶುರು ಮಾಡುವ ಯೋಚನೆಯಲ್ಲಿದ್ದರೆ ಮೊದಲು ಕೂಟದ ಸಮಿತಿಯ ಜೊತೆ ಕೂತು ಮಾತಾಡುವುದು ಲಾಭ. ಸ್ಟೇಷನ್ ಕೂಟದ್ದೇ ಆಗಿರಬೇಕು, ಲೈಸೆನ್ಸ್, ಬ್ಯಾಂಕ್ ಖಾತೆ, ಡೊಮೇನ್ ಕೂಟದ ಹೆಸರಲ್ಲೇ ಇರಬೇಕು. ಫಲಕ ಮಾತ್ರ ಕೂಟದ್ದಾಗಿ ಜಾಹೀರಾತಿನ ಹಣ ವ್ಯಕ್ತಿಯ ಜೇಬಿಗೆ ಹೋದರೆ ಅದು ನಿಲ್ಲುವುದಿಲ್ಲ.

ಇಷ್ಟೂ ಧ್ವನಿಮುದ್ರಣದ ಬಾಬ್ತು. ಸಾಹಿತ್ಯ-ಸಂಗೀತಕ್ಕೆ ಆಸ್ಕ್ಯಾಪ್, ಬಿಎಂಐ, ಸೆಸ್ಯಾಕ್, ಜಿಎಂಆರ್ ಎಂಬ ನಾಲ್ಕು ಮುಖ್ಯ ಸಂಸ್ಥೆಗಳಿವೆ. ಮೊದಲೆರಡರ ಸಣ್ಣ ಸ್ಟೇಷನ್ ಲೈಸೆನ್ಸ್‌ಗೆ ತಲಾ ವರ್ಷಕ್ಕೆ ಕೆಲವು ನೂರು ಡಾಲರ್ ಕನಿಷ್ಠ ಎಂದು ಬಜೆಟ್‌ನಲ್ಲಿ ಇಟ್ಟುಕೊಳ್ಳಿ. ಗೀತಕಾರರು, ಸಂಗೀತ ನಿರ್ದೇಶಕರ ಪರವಾಗಿ ರಾಯಧನ ವಸೂಲಿ ಮಾಡುವ ಭಾರತದ ಐಪಿಆರ್‌ಎಸ್ ವಿದೇಶಿ ಸಂಸ್ಥೆಗಳ ಜೊತೆ ಪರಸ್ಪರ ಒಪ್ಪಂದ ಮಾಡಿಕೊಂಡಿರುವುದರಿಂದ ನಮ್ಮ ಸಂಗೀತ ನಿರ್ದೇಶಕರ ಕೃತಿಗಳೂ ಅವರ ಕೈಯಲ್ಲಿವೆ. ಜಿಎಂಆರ್ ಬಳಿ ಇರುವುದು ಆಯ್ದ ಕೆಲವು ಪಾಶ್ಚಾತ್ಯ ಗೀತಕಾರರ ಪಟ್ಟಿ. ಬರೀ ಕನ್ನಡ ಹಾಕುವ ಸ್ಟೇಷನ್ ಅವರ ಪಟ್ಟಿ ನೋಡಿ, ಆ ಹಾಡುಗಳನ್ನು ಹಾಕುವುದಿಲ್ಲವೆಂದು ಶಿಸ್ತು ಇಟ್ಟುಕೊಂಡರೆ ಬಿಡಬಹುದು. ಕ್ರಿಸ್‌ಮಸ್ ದಿನ ಯಾರೋ ಸ್ವಯಂಸೇವಕರು ಉತ್ಸಾಹದಲ್ಲಿ ಇಂಗ್ಲಿಷ್ ಹಾಡು ಹಾಕಿಬಿಟ್ಟರೆ ಆ ಶಿಸ್ತು ಮುರಿಯಿತು.

ಡಾ. ರಾಜ್ ಹುಟ್ಟುಹಬ್ಬದ ದಿನ ಏನಾಗುತ್ತದೆ

ಶಾಸನಬದ್ಧ ಲೈಸೆನ್ಸ್ ದರದಲ್ಲಿ ಅಗ್ಗ, ನಿಯಮದಲ್ಲಿ ಬಿಗಿ. ಯಾವುದೇ ಮೂರು ಗಂಟೆಯ ಅವಧಿಯಲ್ಲಿ ಒಬ್ಬ ಕಲಾವಿದರ ಹಾಡು ನಾಲ್ಕಕ್ಕಿಂತ ಹೆಚ್ಚು ಹಾಕುವಂತಿಲ್ಲ, ಬೆನ್ನುಬೆನ್ನಿಗೆ ಮೂರಕ್ಕಿಂತ ಹೆಚ್ಚಿಲ್ಲ. ಒಂದೇ ಆಲ್ಬಮ್‌ನಿಂದ ಮೂರು, ಬೆನ್ನುಬೆನ್ನಿಗೆ ಎರಡು. ಏಪ್ರಿಲ್ 24ರಂದು ಬೆಳಗಿನಿಂದ ಸಂಜೆವರೆಗೆ ಅಣ್ಣಾವ್ರ ಹಾಡುಗಳ ಸರಮಾಲೆ ಹಾಕಿದರೆ ಮೊದಲ ಅರ್ಧ ಗಂಟೆಯೊಳಗೇ ನಿಯಮ ಮುರಿದಿರುತ್ತದೆ. ಒಂದು ಚಿತ್ರದ ಐದೂ ಹಾಡು ಸಾಲಾಗಿ ಹಾಕುವ ನಮ್ಮ ಹಳೆಯ ಆಕಾಶವಾಣಿ ರುಚಿಗೂ ಇಲ್ಲಿ ಜಾಗವಿಲ್ಲ.

ದಾರಿ ಇಲ್ಲದೆ ಇಲ್ಲ. ಆ ಹಾಡುಗಳ ಲೇಬಲ್‌ನಿಂದ ಆ ದಿನದ ಕಾರ್ಯಕ್ರಮಕ್ಕೆ ಲಿಖಿತ ಅನುಮತಿ ಪಡೆಯಬಹುದು. ಇಲ್ಲವೇ ಮೂರು ಗಂಟೆಗೆ ನಾಲ್ಕು ರಾಜ್ ಹಾಡು, ನಡುವೆ ಅವರ ಚಿತ್ರಗಳಲ್ಲಿ ಬೇರೆಯವರು ಹಾಡಿದವು, ಒಡನಾಡಿಗಳ ಮಾತು, ರಸಪ್ರಶ್ನೆ. ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ರಾಜ್ ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಇಲ್ಲಿ ಕಲಾವಿದ ಎಂದರೆ ತೆರೆಯ ಮೇಲೆ ತುಟಿ ಆಡಿಸಿದವರಲ್ಲ, ಹಾಡಿದವರು.

ಹಾಡಿನ ಹೆಸರು ಹಾಕಿ ಮುಂಚಿತವಾಗಿ ವೇಳಾಪಟ್ಟಿ ಪ್ರಕಟಿಸುವಂತಿಲ್ಲ. ಹಾಡು ಬರುತ್ತಿರುವಾಗ ಹಾಡು, ಆಲ್ಬಮ್, ಕಲಾವಿದರ ಹೆಸರು ಪ್ಲೇಯರ್‌ನಲ್ಲಿ ಕಾಣಬೇಕು. ಕೋರಿಕೆ ಕಾರ್ಯಕ್ರಮ ಮಾಡಬಹುದು, ಆದರೆ ಕೇಳಿದ ಒಂದು ಗಂಟೆಯೊಳಗೆ ಅಥವಾ ಇಂಥ ಹೊತ್ತಿಗೆಂದು ಹೇಳಿ ಹಾಕುವ ಹಾಡುಗಳೇ ಚಾನೆಲ್ ತುಂಬಾ ತುಂಬಿಕೊಳ್ಳಬಾರದು. ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಹಳೆಯ ಕಾರ್ಯಕ್ರಮದ ವಿಷಯದಲ್ಲಿ. ಭಾನುವಾರದ ಒಂದು ಗಂಟೆಯ ಶೋವನ್ನು ಸೋಮವಾರ ಪಾಡ್‌ಕಾಸ್ಟ್ ಆಗಿ ಏರಿಸಿದರೆ ಈ ಲೈಸೆನ್ಸ್ ಅದಕ್ಕೆ ಸಲ್ಲುವುದಿಲ್ಲ. ಸಂಗ್ರಹದಿಂದ ಕೇಳಿಸುವ ಕಾರ್ಯಕ್ರಮ ಕನಿಷ್ಠ ಐದು ಗಂಟೆಯದ್ದಾಗಿರಬೇಕು, ಒಟ್ಟು ಎರಡು ವಾರಕ್ಕಿಂತ ಹೆಚ್ಚು ಇಡುವಂತಿಲ್ಲ, ಡೌನ್‌ಲೋಡ್ ಕೊಡುವಂತಿಲ್ಲ. ಪಾಡ್‌ಕಾಸ್ಟ್ ಬೇಕೇಬೇಕೆಂದರೆ ಹಾಡು ಕತ್ತರಿಸಿ ಮಾತು ಮಾತ್ರ ಏರಿಸಿ.

ತಿಂಗಳ ವರದಿ: ಕೆಲಸ ಕೆಡುವುದು ಇಲ್ಲಿ

ಪ್ರಸಾರ ಶುರುವಾಗುವ ಮೊದಲೇ ಅಮೆರಿಕದ ಕಾಪಿರೈಟ್ ಆಫೀಸಿಗೆ ಬಳಕೆಯ ನೋಟಿಸ್ ಸಲ್ಲಿಸಬೇಕು. ಆಮೇಲೆ ಪ್ರತಿ ತಿಂಗಳು ಮುಗಿದ 45 ದಿನದೊಳಗೆ ವರದಿ ಮತ್ತು ಹಣ. ತಡವಾದರೆ ತಿಂಗಳಿಗೆ 1.5% ದಂಡ. ವರದಿಯಲ್ಲಿ ಪ್ರತಿ ಹಾಡಿಗೆ ಕಲಾವಿದರ ಹೆಸರು, ಹಾಡಿನ ಹೆಸರು, ಐಎಸ್‌ಆರ್‌ಸಿ ಸಂಖ್ಯೆ (ಪ್ರತಿ ಧ್ವನಿಮುದ್ರಣಕ್ಕೂ ಇರುವ ಗುರುತಿನ ಸಂಕೇತ) ಅಥವಾ ಅದರ ಬದಲು ಆಲ್ಬಮ್ ಮತ್ತು ಲೇಬಲ್ ಹೆಸರು, ಜೊತೆಗೆ ಎಣಿಕೆ.

ಅಜುರಾಕಾಸ್ಟ್ ಈ ವರದಿಯ ಕಡತವನ್ನು ತಾನೇ ತಯಾರಿಸಿ ಕೊಡುತ್ತದೆ. ಆದರೆ ಅದು ಓದುವುದು ನಿಮ್ಮ ಎಂಪಿ3 ಕಡತಗಳ ಟ್ಯಾಗನ್ನು, ಕನ್ನಡ ಸಂಗ್ರಹಗಳ ಟ್ಯಾಗೋ ಸಂತೆಯಂತೆ ಇರುತ್ತದೆ: ಹಾಡಿನ ಜಾಗದಲ್ಲಿ ‘ಟ್ರ್ಯಾಕ್ 07’, ಕಲಾವಿದರ ಜಾಗದಲ್ಲಿ ಹಾಡು ಇಳಿಸಿಕೊಂಡ ತಾಣದ ವಿಳಾಸ ಅಥವಾ ನಾಯಕನಟನ ಹೆಸರು, ಆಲ್ಬಮ್ ಖಾಲಿ. ಟ್ಯಾಗನ್ನು ಶ್ರದ್ಧೆಯಿಂದ ಕನ್ನಡ ಲಿಪಿಯಲ್ಲೇ ತುಂಬಿಟ್ಟವರಿಗೆ ಬೇರೆ ಪೆಟ್ಟು. ವರದಿ ಆಸ್ಕಿ ಅಕ್ಷರಗಳಲ್ಲಿ, ಅಂದರೆ ಬರೀ ಇಂಗ್ಲಿಷ್ ಅಕ್ಷರ-ಅಂಕಿಗಳಲ್ಲಿ ಇರಬೇಕಾದ್ದರಿಂದ ಕನ್ನಡವೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಯಾಗಿ ಹೊರಬರುತ್ತದೆ. ಪ್ಲೇಯರ್‌ಗೆ ಕನ್ನಡ, ವರದಿಗೆ ರೋಮನ್ ಲಿಪಿ ಎಂದು ಎರಡು ಕಾಲಂ ಇರುವ ಒಂದು ಎಕ್ಸೆಲ್ ಹಾಳೆ ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಹೆಸರಿನ ಕಾಗುಣಿತ ಲೇಬಲ್ ಬಳಸಿದಂತೆಯೇ ಇರಲಿ. ಐಎಸ್‌ಆರ್‌ಸಿ ಸಿಕ್ಕರೆ ಕಾಗುಣಿತದ ಜಗಳವೇ ಇಲ್ಲ. ಸೌಂಡ್‌ಎಕ್ಸ್‌ಚೇಂಜ್‌ನ ಹುಡುಕು ಪುಟದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಸಾವಿರ ಹಾಡಿನ ಸಂಗ್ರಹ ಸರಿಮಾಡಲು ಹಾಡಿಗೆ ಎರಡು ನಿಮಿಷ ಹಿಡಿದರೂ 33 ಗಂಟೆ ಬೇಕು. ಈ ದುಡಿಮೆಯನ್ನು ಯಾವ ದರಪಟ್ಟಿಯೂ ತೋರಿಸುವುದಿಲ್ಲ.

ಎಲ್ಲ ಒಂದೇ ಬಿಲ್ಲಿನಲ್ಲಿ: ಲೈಸೆನ್ಸ್ ಸಮೇತ ಹೋಸ್ಟ್

ಲೈವ್365 ಈ ಬಗೆಯಲ್ಲಿ ಹೆಚ್ಚು ಹೆಸರಾದದ್ದು. ತಿಂಗಳ ಶುಲ್ಕದಲ್ಲೇ ಸರ್ವರ್, ಧ್ವನಿಮುದ್ರಣದ ರಾಯಧನ, ಸಾಹಿತ್ಯ-ಸಂಗೀತದ ಲೈಸೆನ್ಸ್, ವರದಿ ಎಲ್ಲ ಸೇರಿರುತ್ತದೆ. ಸರಾಸರಿ ಎರಡು ಮೂರು ಕೇಳುಗರ ಸ್ಟೇಷನ್ನಿಗೆ ಇದೇ ಅಗ್ಗ, ಅನುಮಾನವೇ ಬೇಡ. ಸ್ವಂತವಾಗಿ ಹೋದರೆ ಸೌಂಡ್‌ಎಕ್ಸ್‌ಚೇಂಜ್ ಜೊತೆಗೆ ಇನ್ನೂ ಮೂರು ನಾಲ್ಕು ಸಂಸ್ಥೆಗಳ ಕನಿಷ್ಠ ಶುಲ್ಕ. ಇಲ್ಲಿ ಅದು ಎಲ್ಲರ ನಡುವೆ ಹಂಚಿಹೋಗುತ್ತದೆ.

ಇದರ ಮಿತಿ ಕೇಳುಗ-ಗಂಟೆಯಲ್ಲಿದೆ. ಪ್ರತಿ ಪ್ಯಾಕೇಜಿಗೂ ತಿಂಗಳಿಗೆ ಇಷ್ಟು ಗಂಟೆ ಎಂದು ಕಟ್ಟು. ಯುಗಾದಿ ದಿನ ಜನ ನುಗ್ಗಿದರೆ ತಿಂಗಳ ಪಾಲು ನಾಲ್ಕು ದಿನದಲ್ಲಿ ಮುಗಿಯಬಹುದು. ಆದ್ದರಿಂದ ಪ್ಯಾಕೇಜ್ ಹೋಲಿಸುವಾಗ ತಿಂಗಳ ಬೆಲೆಯನ್ನು ಗಂಟೆಗಳಿಂದ ಭಾಗಿಸಿ. ಸ್ವಂತ ಲೈಸೆನ್ಸಿನಲ್ಲಿ 2025ರ ವಾಣಿಜ್ಯ ದರದ ಒಂದು ಕೇಳುಗ-ಗಂಟೆ ಗಂಟೆಗೆ 12 ಹಾಡಿನಂತೆ 3 ಸೆಂಟ್ ಆಗುತ್ತದೆ. ಹೋಸ್ಟ್‌ನ ಅಂಕಿ ಇದರ ಆಸುಪಾಸಿನಲ್ಲಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಮಿತಿ ದಾಟಿದ ಮೇಲೆ ಸ್ಟ್ರೀಮ್ ನಿಲ್ಲುತ್ತದೋ, ಹೆಚ್ಚುವರಿ ಹಣ ಬೀಳುತ್ತದೋ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.

ಕನ್ನಡದವರಿಗೆ ಇಲ್ಲಿ ದೊಡ್ಡ ತೊಡಕು ಪ್ರದೇಶದ್ದು. ಇಂಥ ಹೋಸ್ಟ್‌ಗಳ ಲೈಸೆನ್ಸ್ ಅಮೆರಿಕ, ಕೆನಡಾ, ಬ್ರಿಟನ್‌ನಂಥ ಕೆಲವೇ ದೇಶಗಳಿಗೆ. ಹೊರಗಿನ ಕೇಳುಗರನ್ನು ಹೋಸ್ಟ್ ತಡೆಯುತ್ತದೆ. ಡಲ್ಲಾಸ್‌ನಲ್ಲಿ ಮಗ ಮಾಡುವ ಕಾರ್ಯಕ್ರಮ ದಾವಣಗೆರೆಯಲ್ಲಿ ಅಮ್ಮನಿಗೆ ಕೇಳಿಸುವುದಿಲ್ಲ.

ಇನ್ನೊಂದು ಅಪಾಯ, ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿರುವುದು. 2015ರ ಕೊನೆಗೆ ಸಣ್ಣ ವೆಬ್‌ಕಾಸ್ಟರ್‌ಗಳಿಗಿದ್ದ ಆದಾಯದ ಶೇಕಡಾವಾರು ರಿಯಾಯಿತಿ ಮುಗಿದು, 2016ರ ಜನವರಿಯಿಂದ ಅವರಿಗೂ ಎಣಿಕೆ ದರ ಬಂತು. ಆ ತಿಂಗಳ ಕೊನೆಗೆ ಹಳೆಯ ಲೈವ್365 ಬಾಗಿಲು ಹಾಕಿತು, ಅದನ್ನೇ ನಂಬಿದ್ದ ಸಾವಿರಾರು ಸ್ಟೇಷನ್‌ಗಳು ಜೊತೆಗೆ ನಿಂತವು. ಹೊಸ ಮಾಲೀಕತ್ವದಲ್ಲಿ ಅದು ಮರಳಿದ್ದು 2017ರಲ್ಲಿ. ಹೋಸ್ಟ್ ಯಾವುದೇ ಇರಲಿ, ಡೊಮೇನ್ ನಿಮ್ಮದೇ ಇರಲಿ, ಹಾಡಿನ ಸಂಗ್ರಹ ಮತ್ತು ಪ್ಲೇಲಿಸ್ಟ್‌ನ ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿರಲಿ, ಆ್ಯಪ್ ಹೋಸ್ಟ್‌ನ ವಿಳಾಸಕ್ಕೆ ನೇರ ಹೋಗದೆ ನಿಮ್ಮ ಡೊಮೇನ್ ಮೂಲಕ ಹೋಗಲಿ.

ಭಾರತ: ಶಾಸನದ ಬಾಗಿಲು ಮುಚ್ಚಿದೆ

ಭಾರತದ ಕೇಳುಗರಿಗೆ ಅಮೆರಿಕದಂತೆ ‘ದರ ಕಟ್ಟು, ಹಾಡು ಹಾಕು’ ಎಂಬ ವ್ಯವಸ್ಥೆ ಇಂಟರ್‌ನೆಟ್ ರೇಡಿಯೋಗೆ ಇಲ್ಲ. 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ ಸೇರಿದ 31ಡಿ ವಿಧಿ ಪ್ರಸಾರಕರಿಗೆ ಶಾಸನಬದ್ಧ ಲೈಸೆನ್ಸ್ ಕೊಡುತ್ತದೆ. ಇಂಟರ್‌ನೆಟ್ ಪ್ರಸಾರವೂ ಅದರಲ್ಲಿ ಸೇರುತ್ತದೆಂದು 2016ರಲ್ಲಿ ಕೇಂದ್ರದ ಒಂದು ಜ್ಞಾಪನ ಹೇಳಿತ್ತು. ಆದರೆ ಟಿಪ್ಸ್ ಲೇಬಲ್ ಮತ್ತು ವಿಂಕ್ ಎಂಬ ಹಾಡಿನ ಆ್ಯಪ್ ನಡುವಿನ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ 31ಡಿ ರೇಡಿಯೋ ಮತ್ತು ಟಿವಿಗೆ ಮಾತ್ರ ಎಂದಿತು. 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಳೆಯ ಜ್ಞಾಪನವನ್ನೇ ತೋರಿಸಿ ‘31ಡಿ ನೋಟಿಸ್ ಕೊಟ್ಟರೆ ಸಾಕು’ ಎಂದು ಸಲಹೆ ಕೊಡುವವರು ಈಗಲೂ ಸಿಗುತ್ತಾರೆ. ನಂಬಬೇಡಿ. ಇಂಟರ್‌ನೆಟ್ ರೇಡಿಯೋಗೆ ತರಂಗಾಂತರದ ಪರವಾನಗಿ ಬೇಕಿಲ್ಲ ಎಂಬುದು ನಿಜ, ಅದಕ್ಕೂ ಹಾಡಿನ ಹಕ್ಕಿಗೂ ಸಂಬಂಧವಿಲ್ಲ.

ಹಾಗಾಗಿ ಇಲ್ಲಿ ಎರಡು ಮಾತುಕತೆ. ಸಾಹಿತ್ಯ-ಸಂಗೀತಕ್ಕೆ ಐಪಿಆರ್‌ಎಸ್. 1969ರಿಂದ ಇರುವ ಸಂಸ್ಥೆ. 2017ರಲ್ಲಿ ಕಾಪಿರೈಟ್ ಸೊಸೈಟಿಯಾಗಿ ಮತ್ತೆ ನೋಂದಣಿಯಾಯಿತು. ‘ಲೇಬಲ್‌ಗೆ ಕೊಟ್ಟಾಯಿತಲ್ಲ, ಮತ್ತೇಕೆ’ ಎಂಬ ವಾದವನ್ನು ಎಫ್‌ಎಂ ಸ್ಟೇಷನ್‌ಗಳು ವರ್ಷಗಟ್ಟಲೆ ಮಾಡಿದವು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಐಪಿಆರ್‌ಎಸ್ ಪರವಾಗಿ ಹೇಳಿತು. ಧ್ವನಿಮುದ್ರಣಕ್ಕೆ ಲಹರಿ, ಆನಂದ್ ಆಡಿಯೋ, ಸರೆಗಮ, ಝೇಂಕಾರ್, ಪಿಆರ್‌ಕೆ ಆಡಿಯೋ, ಟಿ-ಸೀರೀಸ್ ಹೀಗೆ ಲೇಬಲ್‌ಗಳ ಜೊತೆ ಒಂದೊಂದಾಗಿ ಕರಾರು. ಲೇಬಲ್‌ಗಳ ಪರವಾಗಿ ಲೈಸೆನ್ಸ್ ಕೊಡುವ ಪಿಪಿಎಲ್ ಹೆಸರು ಕೇಳಿ ಅಲ್ಲಿಗೆ ಹೋಗುವವರಿದ್ದಾರೆ. ಹೋಟೆಲು, ಅಂಗಡಿ, ಸಮಾರಂಭದಲ್ಲಿ ಹಾಡು ಹಾಕುವ ಹಕ್ಕು ಬೇರೆ, ಇಂಟರ್‌ನೆಟ್‌ನಲ್ಲಿ ಸ್ಟ್ರೀಮ್ ಮಾಡುವ ಹಕ್ಕು ಬೇರೆ. ಎರಡನೆಯದು ಕೊಡುವ ಅಧಿಕಾರ ಇದೆಯೇ ಎಂದು ಬರವಣಿಗೆಯಲ್ಲಿ ಕೇಳದೆ ಹಣ ಕಟ್ಟಬೇಡಿ. ಬ್ರಿಟನ್ನಿನ ಪಿಪಿಎಲ್ ಕೂಡ ಬೇರೆಯೇ ಸಂಸ್ಥೆ, ಹೆಸರಷ್ಟೇ ಒಂದು.

ಲೇಬಲ್‌ಗಳಿಗೆ ಸಿದ್ಧ ದರಪಟ್ಟಿ ಇರುವುದಿಲ್ಲ. ಮಾತು ಸಾಮಾನ್ಯವಾಗಿ ಎಂಜಿಯಿಂದ, ಅಂದರೆ ಕನಿಷ್ಠ ಖಾತರಿ ಮೊತ್ತದಿಂದ ಶುರುವಾಗುತ್ತದೆ; ಅದರ ಮೇಲೆ ಆದಾಯದ ಪಾಲು. ದೊಡ್ಡ ಆ್ಯಪ್‌ಗಳ ಜೊತೆ ವ್ಯವಹರಿಸಿ ರೂಢಿಯಾದವರಿಗೆ ಇನ್ನೂರು ಕೇಳುಗರ ಸ್ಟೇಷನ್ ಲೆಕ್ಕಕ್ಕೇ ಸಿಗುವುದಿಲ್ಲ, ಪತ್ರಕ್ಕೆ ಉತ್ತರ ಬರದೇ ಇರಬಹುದು. ಆದ್ದರಿಂದ ಇಡೀ ಕ್ಯಾಟಲಾಗ್ ಕೇಳಬೇಡಿ. ನೀವು ನಿಜವಾಗಿ ಹಾಕುವ ಇನ್ನೂರು ಹಾಡಿನ ಪಟ್ಟಿ, ದೇಶವಾರು ಕೇಳುಗ-ಗಂಟೆ, ಕಳೆದ ಮೂರು ತಿಂಗಳ ಆದಾಯ, ಇಷ್ಟು ಒಂದು ಪುಟದಲ್ಲಿ ಇಟ್ಟು ಕೇಳಿ. ಒಂದೋ ಎರಡೋ ಲೇಬಲ್ ಜೊತೆ ಒಂದು ವರ್ಷದ ಕರಾರು, ಉಳಿದ ಹೊತ್ತು ಮಾತು ಮತ್ತು ಸ್ವತಂತ್ರ ಕಲಾವಿದರು, ಇದು ಸಣ್ಣ ಸ್ಟೇಷನ್ನಿಗೆ ನಡೆಯುವ ಮಾದರಿ.

ಸಹಿ ಹಾಕುವ ಮೊದಲು ಕರಾರಿನಲ್ಲಿ ಮೂರು ಸಾಲು ಹುಡುಕಿ. ಪ್ರದೇಶ ‘ಭಾರತ’ ಎಂದಿದೆಯೋ ‘ಜಗತ್ತಿನಾದ್ಯಂತ’ ಎಂದಿದೆಯೋ. ಮಾಧ್ಯಮದಲ್ಲಿ ಇಂಟರ್‌ನೆಟ್ ರೇಡಿಯೋ ಎಂಬ ಪದ ಸ್ಪಷ್ಟವಾಗಿದೆಯೋ. ಹಕ್ಕಿನ ಬಗ್ಗೆ ಮೂರನೆಯವರು ತಕರಾರು ತೆಗೆದರೆ ಹೊಣೆ ಯಾರದು. ಮೂರನೆಯದು ಹಳೆಯ ಚಿತ್ರಗಳಿಗೆ ಬಹಳ ಮುಖ್ಯ: ಕ್ಯಾಸೆಟ್ ಕಾಲದ ಕರಾರಿನಲ್ಲಿ ಡಿಜಿಟಲ್ ಹಕ್ಕಿನ ಮಾತೇ ಇಲ್ಲದಿದ್ದರೆ ನಿರ್ಮಾಪಕರ ಕಡೆಯವರೂ ಲೇಬಲ್‌ನವರೂ ಇಬ್ಬರೂ ನಮ್ಮದೆನ್ನುತ್ತಾರೆ. ಒಪ್ಪಿದ ಮೊತ್ತದ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಕಂಪನಿಯಾಗಿದ್ದು ಮೊತ್ತ ಮಿತಿ ದಾಟಿದರೆ ರಾಯಧನಕ್ಕೆ 10% ಟಿಡಿಎಸ್ ಹಿಡಿಯುವುದೂ ನಿಮ್ಮ ಜವಾಬ್ದಾರಿ.

ಲೈಸೆನ್ಸ್ ಇಲ್ಲದೆ ನಡೆಸಿದರೆ ಏನು? ಭಾರತದಲ್ಲಿ 63ನೇ ವಿಧಿಯಡಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಅಮೆರಿಕದಲ್ಲಿ ಒಂದೊಂದು ಕೃತಿಗೆ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ್ದಾದರೆ 1,50,000ದವರೆಗೆ. ಕೋರ್ಟಿನವರೆಗೆ ಹೋಗುವ ಮೊದಲೇ ಸಾಮಾನ್ಯವಾಗಿ ಹೋಸ್ಟ್ ಸ್ಟ್ರೀಮ್ ಕಿತ್ತುಹಾಕುತ್ತದೆ, ಆ್ಯಪ್ ಅಂಗಡಿಯಿಂದ ಆ್ಯಪ್ ಮಾಯವಾಗುತ್ತದೆ.

ಬ್ರಿಟನ್, ಕೆನಡಾ

ಬ್ರಿಟನ್ನಿನಲ್ಲಿ ಧ್ವನಿಮುದ್ರಣಕ್ಕೆ ಪಿಪಿಎಲ್, ಸಾಹಿತ್ಯ-ಸಂಗೀತಕ್ಕೆ ಪಿಆರ್‌ಎಸ್. ಎರಡಕ್ಕೂ ಸಣ್ಣ ವೆಬ್ ಸ್ಟೇಷನ್‌ಗೆಂದೇ ವಾರ್ಷಿಕ ಲೈಸೆನ್ಸ್ ಇದೆ, ವರ್ಷದ ಎಣಿಕೆಗೆ ಮಿತಿ ಇರುತ್ತದೆ. ಅಲ್ಲಿನ ಲೈಸೆನ್ಸಿನಲ್ಲಿ ಅಮೆರಿಕ ಸೇರುವುದಿಲ್ಲ. ಕೆನಡಾದಲ್ಲಿ ಧ್ವನಿಮುದ್ರಣಕ್ಕೆ ರೀಸೌಂಡ್, ಸಾಹಿತ್ಯ-ಸಂಗೀತಕ್ಕೆ ಸೋಕ್ಯಾನ್. ರೀಸೌಂಡ್‌ಗೆ 2014ರಲ್ಲಿ ಅಲ್ಲಿನ ಕಾಪಿರೈಟ್ ಬೋರ್ಡ್ ಕೊಟ್ಟ ದರ ಸಾವಿರ ಪ್ರಸಾರಕ್ಕೆ 10.2 ಸೆಂಟ್. ಅಮೆರಿಕದ 2025ರ ಲೆಕ್ಕದಲ್ಲಿ ಅದೇ ಸಾವಿರಕ್ಕೆ ಎರಡೂವರೆ ಡಾಲರ್. ಟೊರೊಂಟೊ ಕಡೆಯ ಕನ್ನಡಿಗರೇ ಹೆಚ್ಚಿರುವ ಸ್ಟೇಷನ್ ಈ ಅಂತರ ಗಮನಿಸಬೇಕು.

ಲೇಬಲ್ ಗೊಡವೆ ಇಲ್ಲದ ದಾರಿ

ದುಡ್ಡೇ ಇಲ್ಲದವರಿಗೆ ಉಳಿಯುವುದು ಹಕ್ಕು ಮುಗಿದ ಸಂಗೀತ, ಕ್ರಿಯೇಟಿವ್ ಕಾಮನ್ಸ್ (ಹಕ್ಕುದಾರರೇ ಷರತ್ತು ಹಾಕಿ ಉಚಿತ ಬಳಕೆಗೆ ಬಿಟ್ಟ ಹಾಡುಗಳು), ಸ್ವತಂತ್ರ ಕಲಾವಿದರು. ಮೂರರಲ್ಲೂ ಮುಳ್ಳಿದೆ.

ಭಾರತದಲ್ಲಿ 1964ರಲ್ಲಿ ಪ್ರಕಟವಾದ ಧ್ವನಿಮುದ್ರಣಗಳ ಹಕ್ಕು 2024ರ ಕೊನೆಗೆ ಮುಗಿಯಿತು. ಪ್ರತಿ ಜನವರಿ 1ಕ್ಕೆ ಇನ್ನೊಂದು ವರ್ಷದ ಹಾಡುಗಳು ಸೇರುತ್ತವೆ. ಆದರೆ ಮುಗಿದದ್ದು ಧ್ವನಿಮುದ್ರಣದ್ದು ಮಾತ್ರ. ಆ ಹಾಡು ಬರೆದವರು ಚಿ. ಉದಯಶಂಕರ್ ಆದರೆ, ಅವರು ತೀರಿಕೊಂಡದ್ದು 1993ರಲ್ಲಿ, ಸಾಹಿತ್ಯದ ಹಕ್ಕು 2053ರ ಕೊನೆಯವರೆಗೆ ಇದೆ. ಐಪಿಆರ್‌ಎಸ್ ಲೈಸೆನ್ಸ್ ತಪ್ಪಿದ್ದಲ್ಲ. ಅದೇ ಹಾಡು ಅಮೆರಿಕದ ಕೇಳುಗನಿಗೆ ಹೋದರೆ ಲೆಕ್ಕ ಮತ್ತೆ ತಿರುಗುತ್ತದೆ. ಅಲ್ಲಿ ಧ್ವನಿಮುದ್ರಣದ ರಕ್ಷಣೆ 95 ವರ್ಷ ಅಥವಾ ಅದಕ್ಕೂ ಹೆಚ್ಚು. ಇಲ್ಲಿ ಬಿಡುಗಡೆಯಾದದ್ದು ಅಲ್ಲಿ ಇನ್ನೂ ಬಂಧನದಲ್ಲಿರುತ್ತದೆ.

ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಎನ್‌ಸಿ (ವಾಣಿಜ್ಯೇತರ ಬಳಕೆಗೆ ಮಾತ್ರ) ಎಂಬ ಗುರುತಿದ್ದರೆ ಜಾಹೀರಾತು ಹಾಕುವ ಸ್ಟೇಷನ್ ಮುಟ್ಟದಿರುವುದು ಲೇಸು. ವಿಡಿಯೋ ಹಿನ್ನೆಲೆಗೆಂದು ಚಂದಾ ಪಡೆದ ‘ರಾಯಲ್ಟಿ ಇಲ್ಲದ’ ಸಂಗೀತಕ್ಕೆ ರೇಡಿಯೋ ಪ್ರಸಾರದ ಅನುಮತಿ ತಾನಾಗಿ ಬರುವುದಿಲ್ಲ.

ಸ್ವತಂತ್ರ ಕಲಾವಿದರದ್ದು ಎಲ್ಲಕ್ಕಿಂತ ಒಳ್ಳೆಯ ದಾರಿ. ಸುಗಮ ಸಂಗೀತ, ತತ್ವಪದ, ಕನ್ನಡ ರ‍್ಯಾಪ್ ಮಾಡುವ ಎಷ್ಟೋ ಮಂದಿ ಪ್ರಸಾರವಾದರೆ ಸಾಕೆಂದು ಸಂತೋಷದಿಂದ ಕೊಡುತ್ತಾರೆ. ವಾಟ್ಸ್‌ಆ್ಯಪ್‌ನ ‘ಹಾಕ್ಕೊಳ್ಳಿ ಸರ್’ ಸಾಲದು. ಹಾಡಿನ ಹೆಸರು, ಬರೆದವರು, ರಾಗ ಹಾಕಿದವರು, ಹಾಡಿದವರು, ಧ್ವನಿಮುದ್ರಣ ಯಾರದು, ಎಷ್ಟು ಕಾಲ, ಯಾವ ದೇಶ ಎಂದು ಒಂದು ಪುಟದ ಪತ್ರಕ್ಕೆ ಎಲ್ಲರ ಸಹಿ ತೆಗೆದುಕೊಳ್ಳಿ. ಒಂದು ಪ್ರಶ್ನೆ ಮಾತ್ರ ಮರೆಯಬೇಡಿ: ‘ನೀವು ಐಪಿಆರ್‌ಎಸ್ ಸದಸ್ಯರೇ?’ ಹೌದಾದರೆ ಪ್ರಸಾರದ ಹಕ್ಕನ್ನು ಅವರು ಆಗಲೇ ಸಂಸ್ಥೆಗೆ ವಹಿಸಿರುತ್ತಾರೆ, ಪತ್ರದಲ್ಲಿ ಅವರು ಕೊಡುತ್ತಿರುವುದು ತಮ್ಮ ಕೈಯಲ್ಲಿ ಇಲ್ಲದ್ದನ್ನು.

ಕೇಳುಗರು ಎರಡು ಕಡೆ ಇದ್ದರೆ

ಕನ್ನಡ ಸ್ಟೇಷನ್ನಿನ ಮಾಮೂಲು ಸ್ಥಿತಿ ಇದೇ: ಕೇಳುಗ-ಗಂಟೆಗಳಲ್ಲಿ ಅರ್ಧ ಅಮೆರಿಕದಿಂದ, ಉಳಿದದ್ದು ಬೆಂಗಳೂರು, ಮೈಸೂರು, ಕೊಲ್ಲಿ ದೇಶಗಳಿಂದ. ಎರಡು ಸ್ಟ್ರೀಮ್ ಮಾಡಿ. ಅಮೆರಿಕದ ಸ್ಟ್ರೀಮ್ ಶಾಸನಬದ್ಧ ಲೈಸೆನ್ಸಿನಲ್ಲಿ, ಪೂರ್ಣ ಚಿತ್ರಗೀತೆ ಸಂಗ್ರಹದೊಂದಿಗೆ. ಇನ್ನೊಂದು ಸ್ಟ್ರೀಮ್‌ನಲ್ಲಿ ಕರಾರಾದ ಲೇಬಲ್ ಮತ್ತು ಸ್ವತಂತ್ರ ಕಲಾವಿದರ ಹಾಡು ಮಾತ್ರ. ಆರ್‌ಜೆ ಮಾತು ಎರಡಕ್ಕೂ ಒಂದೇ. ಅಜುರಾಕಾಸ್ಟ್‌ನಲ್ಲಿ ದೇಶ ನೋಡಿ ತಡೆಯುವ ಸೌಲಭ್ಯವಿದೆ; ಕರಾರು ಇಲ್ಲದ ದೇಶಗಳನ್ನು ಮುಚ್ಚಿಬಿಡಿ. ವಿಪಿಎನ್ ಹಾಕಿ ಬರುವವರನ್ನು ಪೂರ್ತಿ ತಡೆಯಲಾಗದು, ಆದರೆ ತಡೆ ಹಾಕಿದ್ದಕ್ಕೆ ದಾಖಲೆ ಇರುವುದು ಬಹಳ ಕೆಲಸಕ್ಕೆ ಬರುತ್ತದೆ. ಲಾಗ್ ಮತ್ತು ವರದಿಗಳನ್ನು ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಿ.

ಶುರು ಮಾಡುವ ತಿಂಗಳನ್ನೂ ಯೋಚಿಸಿ ಆರಿಸಿ. ಅಮೆರಿಕದ ಕನಿಷ್ಠ ಶುಲ್ಕ ಕ್ಯಾಲೆಂಡರ್ ವರ್ಷಕ್ಕೆ, ವರ್ಷದ ಒಂದು ಭಾಗಕ್ಕೂ ಪೂರ್ತಿ, ವಾಪಸಿಲ್ಲ. ರಾಜ್ಯೋತ್ಸವಕ್ಕೆಂದು ನವೆಂಬರ್ 1ರಂದು ಶುರು ಮಾಡಿದರೆ ಎರಡು ತಿಂಗಳಿಗೆ ಒಂದು ವರ್ಷದ ಹಣ, ಮುಂದಿನ ಜನವರಿ 31ಕ್ಕೆ ಮತ್ತೊಂದು. ಉದ್ಘಾಟನೆಯನ್ನು ಸಂಕ್ರಾಂತಿಗೆ ತಳ್ಳಿ, ಅಲ್ಲಿಯವರೆಗೆ ಮಾತಿನ ಕಾರ್ಯಕ್ರಮಗಳನ್ನು ಪಾಡ್‌ಕಾಸ್ಟ್ ಆಗಿ ಬಿಡುತ್ತಿರಿ.